ದಿಕ್ಕಿಲ್ಲದೆಯೋ, ಸುಮ್ಮನೆಯೋ?

ಇಂಗ್ಲಿಷಿನ 'ಏಮ್‌ಲೆಸ್‌ಲಿ' ಎದುರಾದಲ್ಲೆಲ್ಲ 'ದಿಕ್ಕಿಲ್ಲದೆ' ಎಂದು ಬರೆಯುವ ಚಾಳಿ ನಮ್ಮ ಸೋದರ ಪತ್ರಿಕೆಗಳ ಅನುವಾದಗಳಲ್ಲಿ ಬೇರೂರುತ್ತಿದೆ. ಆಕ್ಷೇಪಿಸಿದರೆ, ಓದುಗರಿಗೆ ಅರ್ಥವಾಗುತ್ತದಲ್ಲ ಎಂಬ ಸಮಜಾಯಿಷಿ. ಅರ್ಥವಾಗುವುದು ಬೇರೆಯದೇ ಎಂಬುದು ನಮ್ಮ ತಕರಾರು. ಕನ್ನಡದಲ್ಲಿ ದಿಕ್ಕು ಬರೀ ಮೂಡಣ ಪಡುವಣವಲ್ಲ, ಆಸರೆಯೂ ಹೌದು. ದಿಕ್ಕಿಲ್ಲದವಳೆಂದರೆ ತನ್ನವರೆನ್ನಲು ಯಾರೂ ಇಲ್ಲದವಳು. ಸಂಜೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅಂಗಡಿ ನೋಡುತ್ತ ಅಡ್ಡಾಡುವ ಕಥಾನಾಯಕನನ್ನು 'ದಿಕ್ಕಿಲ್ಲದೆ ಅಲೆದ' ಎಂದು ಬಣ್ಣಿಸಿದರೆ, ಮೂಲ ಲೇಖಕ ಕನಸಿನಲ್ಲೂ ಎಣಿಸದ ಅನಾಥತನ ಅವನಿಗೆ ಅಂಟುತ್ತದೆ. ಇಂಗ್ಲಿಷ್ ಪದದ ಹುಟ್ಟಿನಲ್ಲೂ ದಿಕ್ಕಿನ ಸುಳಿವಿಲ್ಲ. 'ಏಮ್' ಎಂಬುದು ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ 'ಏಸ್ಟಿಮಾರೆ'ಯಿಂದ ಬಂದದ್ದು: ಬೆಲೆ ಕಟ್ಟು, ಅಂದಾಜು ಮಾಡು. ಮನೆ ಕಟ್ಟಿಸುವವರು ಮೇಸ್ತ್ರಿಯ ಬಳಿ ಕೇಳುವ ಎಸ್ಟಿಮೇಟ್ ಅದರ ಒಡಹುಟ್ಟು. ಅಂದಾಜು ಹಾಕುವುದೇ ಮುಂದೆ ಗುರಿ ಹಿಡಿಯುವುದಾಯಿತು.

'ಏಮ್‌ಲೆಸ್‌ಲಿ'ಗೆ ಒಪ್ಪುವ ಮಾತು ನಮ್ಮ ಬೀದಿಯಲ್ಲೇ ಇದೆ. 1809ರಲ್ಲಿ ಇಂಗ್ಲಿಷರ ದಂಡು ಹಲಸೂರಿನ ಬಳಿ ನೆಲೆಯೂರಿದ ಮೇಲೆ ಕನ್ನಡ, ತಮಿಳು, ದಖನಿ, ಇಂಗ್ಲಿಷುಗಳು ಒಂದರ ಮಗ್ಗುಲಲ್ಲೊಂದು ಬಾಳಿದವು. ಯಾಕೆ ಬಂದೆ ಎಂದರೆ ಶಿವಾಜಿನಗರದ ಕನ್ನಡಿಗ 'ಸುಮ್ನೆ' ಅನ್ನುತ್ತಾನೆ, ತಮಿಳ 'ಸುಮ್ಮಾ' ಅನ್ನುತ್ತಾನೆ, ಇಂಗ್ಲಿಷ್ ಆಡುವವನು 'ಸಿಂಪ್ಲಿ' ಅನ್ನುತ್ತಾನೆ. ಲಂಡನ್ನಿನವನಿಗೆ ಈ 'ಸಿಂಪ್ಲಿ' ದಕ್ಕದು. ಅವನಿಗದು 'ಸರಳವಾಗಿ', 'ಕೇವಲ'. ಬೆಂಗಳೂರಿನ ಇಂಗ್ಲಿಷು ಆ ಪದದೊಳಗೆ ನಮ್ಮ 'ಸುಮ್ಮನೆ'ಯನ್ನು ತುಂಬಿಕೊಂಡಿದೆ. ಪರಭಾಷೆಯೊಂದು ಇಷ್ಟು ಆಸೆಪಟ್ಟು ಪಡೆದ ಅರ್ಥವನ್ನು ಕನ್ನಡದ ಅನುವಾದಕರೇ ಕೈಬಿಡುವುದು ನಾಚಿಕೆಗೇಡು.

'ಸುಮ್ಮನೆ' ಎಂದರೆ ಮೌನವೂ ಹೌದಲ್ಲ, ಗೊಂದಲವಾಗದೇ ಎನ್ನುವವರಿದ್ದಾರೆ. 'ಸುಮ್ಮನಿರು' ಮತ್ತು 'ಸುಮ್ಮನೆ ಬಂದೆ' ಇವೆರಡರ ನಡುವೆ ಮಕ್ಕಳೂ ತಡವರಿಸುವುದಿಲ್ಲ. ಇನ್ನೊಂದು ಆಕ್ಷೇಪಕ್ಕೆ ತೂಕವಿದೆ: ಇಂಗ್ಲಿಷ್ ಪದದಲ್ಲಿ ಹಲವೊಮ್ಮೆ ಒಂದು ನಿಂದೆ ಅಡಗಿರುತ್ತದೆ, 'ಸುಮ್ಮನೆ'ಯಲ್ಲಿ ಅದಿಲ್ಲ. ನಿಜ. ಕೆ.ಆರ್. ಪುರದಲ್ಲಿ ಹಾಕಿದ ರಸ್ತೆಯನ್ನೇ ಮತ್ತೆ ಅಗೆಯುವವರನ್ನು ಕುರಿತು ಬರೆಯುವಾಗ 'ಸುಮ್ಮನೆ' ಸಾಲದು. ಅಲ್ಲಿಗೆ 'ಗೊತ್ತುಗುರಿಯಿಲ್ಲದೆ' ಇದೆ. ಗಾಬರಿಯಲ್ಲಿ ಓಡುವವರಿಗೆ 'ದಿಕ್ಕೆಟ್ಟು' ಇದೆ. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದಲ್ಲಿ ಒಂದೇ ಪದ ಗಂಟುಹಾಕುವ ನಿಘಂಟಿನ ಗೀಳು ಬಿಟ್ಟರೆ, ಯಾರು ಹೇಗೆ ನಡೆಯುತ್ತಿದ್ದಾರೆಂದು ನೋಡಿ ಪದ ಆರಿಸಬಹುದು. ಈ ಪತ್ರಿಕೆಗೆ ಬರುವ ಅನುವಾದಗಳಲ್ಲಿ ಅಡ್ಡಾಡುವವರನ್ನು ಇನ್ನು ದಿಕ್ಕಿಲ್ಲದವರಾಗಿಸಲು ನಾವು ಬಿಡುವುದಿಲ್ಲ.

ಮುಂದಿನ ಸಂಚಿಕೆ ದಂಡುಪ್ರದೇಶದ ಮಾತುಗಳಿಗೆ ಮೀಸಲು; ನಿಮ್ಮ ಬೀದಿಯಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಬರೆದು ಕಳಿಸಿ.