ಒಳ್ಳೆಯದು ಸಂತೆಗೆ, ಉಳಿದದ್ದು ಬೀಜಕ್ಕೆ?



ಅಡಿಕೆ ತೋಟದ ಎಡೆಯಲ್ಲಿ ಸುವರ್ಣಗೆಡ್ಡೆ ಬೆಳೆಯುವ ನಮ್ಮಲ್ಲಿ ಅನೇಕರು ವರ್ಷವೂ ಒಂದು ತಪ್ಪು ಮಾಡುತ್ತೇವೆ. ಚೆಂದದ ಗೆಡ್ಡೆಗಳನ್ನು ಸಂತೆಗೆ ಕಳುಹಿಸಿ, ಮಾರಾಟವಾಗದೆ ಉಳಿದದ್ದನ್ನು ಬೀಜಕ್ಕೆ ಇಡುತ್ತೇವೆ. ಇದು ತಳಿ ಕೆಡಿಸುವ ಕೆಲಸವೆಂದು ನನ್ನ ಸ್ಪಷ್ಟ ಅಭಿಪ್ರಾಯ.

ಇಂದು ಹೆಸರಾದ 'ಗಜೇಂದ್ರ' ತಳಿಯೂ ಆಂಧ್ರದ ಕೊವ್ವೂರಿನ ನಾಟಿ ಗೆಡ್ಡೆಗಳಿಂದ ಆರಿಸಿದ್ದೇ; ಅದರಲ್ಲಿ ತುರಿಕೆ ಕಡಿಮೆ. ಗೆಡ್ಡೆಯ ತುಂಡಿನಿಂದಲೇ ಗಿಡ ಬರುವುದರಿಂದ ಒಮ್ಮೆ ಆರಿಸಿದ ಗುಣ ಹಾಗೆಯೇ ಉಳಿಯುತ್ತದೆ. ಆದರೆ ಮೊಸಾಯಿಕ್ ನಂಜುರೋಗವೂ ಅದೇ ತುಂಡಿನೊಡನೆ ಬರುತ್ತದೆ. ಎಲೆ ಒಣಗಿ ಬಿದ್ದ ಮೇಲೆ ಅದನ್ನು ಗುರುತಿಸಲಾಗದು.

ಆದುದರಿಂದ ಎಲೆ ಹಸಿರಾಗಿರುವಾಗಲೇ ಆರೋಗ್ಯವಾದ ಗಿಡಗಳ ಪಕ್ಕ ಗೂಟ ನೆಡಿರಿ. ಗಾತ್ರವೊಂದನ್ನೇ ನಂಬಬೇಡಿರಿ, ದೊಡ್ಡ ತುಂಡು ನೆಟ್ಟರೆ ಸಾಧಾರಣ ತಳಿಯೂ ದೊಡ್ಡ ಗೆಡ್ಡೆ ಕೊಟ್ಟೀತು. ಅರ್ಧ ಕಿಲೋ ಸಮತೂಕದ ತುಂಡುಗಳನ್ನು, ಪ್ರತಿಯೊಂದರಲ್ಲೂ ನಡುಮೊಳಕೆಯ ಭಾಗವಿರುವಂತೆ ಕೊಯ್ದು, ಒಂದೇ ಸಾಲಿನಲ್ಲಿ ನೆಟ್ಟು, ಕಿತ್ತಾಗ ತೂಗಿ ನೋಡಿರಿ. ಬೇಯಿಸಿ ತಿಂದು ತುರಿಕೆಯನ್ನೂ ಪರೀಕ್ಷಿಸಿರಿ.

ಹೊರಗಿನ ತಳಿ ಬೇಡವೆಂದಲ್ಲ. ಹಿರಿಯರು ಕಾಪಾಡಿದ ಒಳ್ಳೆಯ ಗೆಡ್ಡೆಯೆಲ್ಲ ಸಂತೆಯಲ್ಲೇ ಕರಗಿದರೆ, ನಾಳೆ ಆರಿಸಲು ನಮ್ಮಲ್ಲಿ ಉಳಿಯುವುದೇನು? ಈ ಸಲ ಮೊದಲು ಬೀಜಕ್ಕೆ ತೆಗೆದಿಟ್ಟು, ಆಮೇಲೆ ಸಂತೆಗೆ ಕಳುಹಿಸೋಣ.

— ಕಾರ್ಯದರ್ಶಿ