ತೇಪೆ ಹಾಕದ ಸರ್ವರ್, ಕಾಯುವ ರೈತ

ಆಳಂದ, ಅಫಜಲಪುರ, ಜೇವರ್ಗಿಯ ತೊಗರಿ ಬೆಳೆಗಾರನಿಗೆ ಸರ್ಕಾರದ ಕಂಪ್ಯೂಟರ್ ಎಂದರೆ ಮೊದಲು ನೆನಪಾಗುವುದು ಪಹಣಿ. ‘ಭೂಮಿ’ ಯೋಜನೆ ಬಂದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಉಳಿಯಲಿಲ್ಲ. ಅದರಿಂದ ಆದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಳೆಸಾಲಕ್ಕೆಂದು ಬಂದವನು ‘ಸರ್ವರ್ ಇಲ್ಲ’ ಎಂಬ ಉತ್ತರ ಕೇಳಿ ಹಿಂದಿರುಗುವಾಗ ಅವನ ಕೈಯಲ್ಲಿ ಬೇರೆ ಕಾಗದವೇ ಇರುವುದಿಲ್ಲ.

ಈ ಹಿನ್ನೆಲೆಯಲ್ಲಿ, 2024ರ ಡಿಸೆಂಬರ್ 10ರಂದು ಮೈಕ್ರೋಸಾಫ್ಟ್ ತನ್ನ ವಿಂಡೋಸ್‌ನ ಡೈರೆಕ್ಟರಿ ಸೇವೆಯಲ್ಲಿ ಸರಿಪಡಿಸಿದ ಎರಡು ದೋಷಗಳನ್ನು ಗಮನಿಸಬೇಕು. ಡೈರೆಕ್ಟರಿ ಸರ್ವರ್ ಎಂದರೆ ಕಚೇರಿಯ ಹಾಜರಿ ಪುಸ್ತಕ ಮತ್ತು ಕೀಲಿಗೊಂಚಲು ಎರಡೂ ಹೌದು. ಯಾರು ನೌಕರರು, ಯಾರು ಯಾವ ಕಡತ ತೆರೆಯಬಹುದು ಎಂಬುದನ್ನು ಅದೇ ಹೇಳಬೇಕು. ಹೊರಗಿನಿಂದ ಬರುವ ಸಂದೇಶಕ್ಕೆ ತಂತ್ರಾಂಶವು ಅಳೆದು ಜಾಗ ಕೊಡುತ್ತದೆ; ಆ ಅಳತೆಯ ಲೆಕ್ಕ ತಪ್ಪಿದರೆ, ಬದು ದಾಟಿ ಪಕ್ಕದವನ ಹೊಲ ಉತ್ತಂತೆ, ಸಂದೇಶವು ಸ್ಮೃತಿಯ ಬೇರೆ ಭಾಗವನ್ನು ಕೆಡಿಸುತ್ತದೆ. ಮೊದಲನೆಯ ದೋಷ ಈ ಜಾತಿಯದು. ಅದರ ತೀವ್ರತೆಗೆ ಹತ್ತರಲ್ಲಿ 9.8 ಅಂಕ, ಗುಪ್ತಪದವಿಲ್ಲದವನೂ ಸರ್ವರ್‌ನಲ್ಲಿ ತನ್ನ ಆಜ್ಞೆ ನಡೆಸಬಹುದಿತ್ತು. ಎರಡನೆಯದರಲ್ಲಿ ಮಿತಿ ಮೀರಿ ಓದುವ ತಪ್ಪಿತ್ತು. ತೇಪೆ ಹಾಕದ ಸರ್ವರನ್ನು ಅದರ ಮೂಲಕ ದೂರದಿಂದಲೇ ಕುಸಿಯುವಂತೆ ಮಾಡಬಹುದೆಂದು 2025ರ ಜನವರಿ 1ರಂದು ಸೇಫ್‌ಬ್ರೀಚ್ ಸಂಸ್ಥೆ ತೋರಿಸಿತು.

ಪರಿಹಾರಕ್ಕೂ ಪ್ರದರ್ಶನಕ್ಕೂ ನಡುವೆ ಇದ್ದದ್ದು ಮೂರು ವಾರ. ನಮ್ಮ ಕಚೇರಿಗಳಲ್ಲಿ ಕಡತವೊಂದು ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯಲು ಎಷ್ಟು ಹಿಡಿಯುತ್ತದೆಂಬುದನ್ನು ಓದುಗರಿಗೆ ಹೇಳಬೇಕಿಲ್ಲ. ‘ಭೂಮಿ’ ಇದೇ ತಂತ್ರಾಂಶದ ಮೇಲೆ ನಿಂತಿದೆ ಎಂದು ನನ್ನ ವಾದವಲ್ಲ. ಇಂಥ ದೋಷ ಯಾವ ಕಂಪನಿಯ ಸರ್ವರ್‌ಗೂ ಬರಬಹುದು.

ಪಟ್ಟಿಯ ಬೆಲೆ ಆಳಂದದವರಿಗೆ ಚೆನ್ನಾಗಿ ಗೊತ್ತು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಅಲ್ಲಿನ ಮತದಾರರ ಹೆಸರು ಅಳಿಸಲು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದದ್ದು 24 ಮಾತ್ರ. ಅದು ತಂತ್ರಾಂಶದ ಸ್ಮೃತಿದೋಷವಲ್ಲ, ಮನುಷ್ಯರ ಕೈವಾಡ. ಅಲ್ಲಿ ಹೆಸರು ಓದಿ, ಮನೆಗೆ ಹೋಗಿ ವಿಚಾರಿಸಲು ಸಿಬ್ಬಂದಿಯಿದ್ದರು. ಸರ್ವರ್‌ನೊಳಗೆ ಬದು ಮುರಿದರೆ ಹಾಗೆ ಕಣ್ಣಿಗೆ ಬೀಳುವ ಹೆಸರೇ ಇರುವುದಿಲ್ಲ.

ಆದ್ದರಿಂದ ಗಂಭೀರ ದೋಷಕ್ಕೆ ಎಷ್ಟು ದಿನದೊಳಗೆ ತೇಪೆ ಹಾಕುತ್ತೇವೆಂಬುದನ್ನು ಸರ್ಕಾರ ಲಿಖಿತವಾಗಿ ಪ್ರಕಟಿಸಲಿ. ಸರ್ವರ್ ನಿಂತ ದಿನ, ಕೊನೆಯದಾಗಿ ಉಳಿಸಿಟ್ಟ ಪ್ರತಿಯಿಂದ ಪಹಣಿ ತೆಗೆದು ಸಹಿ ಹಾಕಿ ಕೊಡುವ ಅಧಿಕಾರ ತಹಶೀಲ್ದಾರರಿಗಿರಲಿ; ಬ್ಯಾಂಕುಗಳು ಅದನ್ನು ಒಪ್ಪಲೇಬೇಕೆಂಬ ಆದೇಶವೂ ಅದರೊಡನೆಯೇ ಹೊರಡಲಿ.