ಕೋಡಿಂಗ್ ಕಲಿಯಾಕ ಹೊಲ ಒತ್ತಿ ಇಡಬ್ಯಾಡ್ರಿ | ಭಾಗ 3

ಡಿ.ಎಡ್, ಬಿ.ಕಾಂ ಮುಗಿಸಿ ಏನೋ ಒಂದು ಕೆಲಸದಾಗ ಇದ್ದೀರಿ, ಈಗ ಸಾಫ್ಟ್‌ವೇರ್ ಕಡೆ ಹೊಳ್ಳಬೇಕು ಅಂತೀರಿ. ಹೊಳ್ಳ್ರಿ. ಆದ್ರ 'ಜಾಬ್ ಗ್ಯಾರಂಟಿ' ಅನ್ನೋ ಕೋರ್ಸಿಗೆ ಅಪ್ಪನ ಕಡಿಂದ ಸಾಲ ಮಾಡಸಬ್ಯಾಡ್ರಿ. ಅಲ್ಲಿ ಕಲಿಸೋದು ಬಹಳಷ್ಟು ಪುಕ್ಕಟೆ ಸಿಗ್ತದ. ಹಾರ್ವರ್ಡ್‌ನ ಸಿಎಸ್50 ಪಾಠ, 2014ರಿಂದ ನಡೀತಿರೋ ಫ್ರೀಕೋಡ್‌ಕ್ಯಾಂಪ್, ಎರಡಕ್ಕೂ ಫೀಸಿಲ್ಲ. ಹಳೇ ಲ್ಯಾಪ್‌ಟಾಪ್, ಮೊಬೈಲ್ ಹಾಟ್‌ಸ್ಪಾಟ್ ಇದ್ರ ಶುರು ಮಾಡಬಹುದು.

ಅಡ್ಡಿ ಇರೋದು ಬ್ಯಾರೇ ಕಡೆ. ವಿಡಿಯೋ ನೋಡಿದ್ರ ಕಲಿತಂಗ ಅನಸ್ತದ. ಅದನ್ನ ಬಂದ್ ಮಾಡಿ ಖಾಲಿ ಫೈಲ್ ತೆಗೀರಿ, ಎಷ್ಟು ಬಂದದ ಗೊತ್ತಾಗ್ತದ. (ಇಂಗ್ಲಿಷಿಗೆ ಅಂಜಬ್ಯಾಡ್ರಿ. ಎರರ್ ಮೆಸೇಜಿನಾಗ ಅವೇ ಶಬ್ದ ತಿರುಗಿ ತಿರುಗಿ ಬರ್ತಾವ.)

ಎಲ್ಲಾರೂ ಮಾಡೋ ಟು-ಡೂ ಲಿಸ್ಟ್ ಬಿಡ್ರಿ. 2019ರಾಗ ಜಿಐ ಟ್ಯಾಗ್ ಸಿಕ್ಕ ತೊಗರಿ ನಮ್ಮದು. ಆಳಂದ ಎಪಿಎಂಸಿ ರೇಟು, ಕಲಬುರಗಿ ಎಪಿಎಂಸಿ ರೇಟು ದಿನಾ ಬರಕೊಂಡು ಪಕ್ಕಪಕ್ಕ ತೋರಿಸೋ ಒಂದು ಪೇಜ್ ಮಾಡ್ರಿ. ಡೇಟಾಬೇಸ್, ಗ್ರಾಫ್, ಹೋಸ್ಟಿಂಗ್ ಎಲ್ಲಾ ಅದರಾಗೇ ಕಲೀತೀರಿ. ಸರಸಂಬಾದ ಕಟ್ಟಿ ಮ್ಯಾಲೆ ಕುಂತ ಕಾಕಾ ಮೊಬೈಲ್ ನೋಡಿ 'ತಮ್ಮಾ, ನಿನ್ನಿ ರೇಟು ಇದಲ್ಲ' ಅಂದ್ರ, ಅದೇ ಟೆಸ್ಟಿಂಗ್.

ಇನ್ನೊಂದು, ಸಿಟ್ಟಾಗಬ್ಯಾಡ್ರಿ. 371ಜೆ ಸರ್ಟಿಫಿಕೇಟ್ ಸರ್ಕಾರಿ ನೌಕರಿಗೆ, ಕಾಲೇಜು ಸೀಟಿಗೆ. ಬೆಂಗಳೂರಿನ ಖಾಸಗಿ ಕಂಪನಿಯಾಗ ಅದು ನಡೆಯಂಗಿಲ್ಲ. ಡಿಗ್ರಿ ನೋಡೇ ರೆಸ್ಯೂಮೆ ಬದಿಗಿಡೋರೂ ಅದಾರ. ಇಂತಿಷ್ಟೇ ತಿಂಗಳಿಗೆ ಕೆಲಸ ಸಿಗ್ತದ ಅಂತ ಯಾರೂ ಹೇಳಾಕ ಬರಂಗಿಲ್ಲ. ಹಂಗಾಗಿ ಹೊಸ ಕೆಲಸದ ಆಫರ್ ಲೆಟರ್ ಕೈಗೆ ಬರೋತನಕ ಈಗಿನ ಕೆಲಸ ಬಿಡಬ್ಯಾಡ್ರಿ. ರಾತ್ರಿ ಎರಡು ತಾಸು ಕೂಡ್ರಿ.

ಮುಂದಿನ ಭಾಗದಾಗ ಗಿಟ್‌ಹಬ್. ಅಷ್ಟರಾಗ ತೊಗರಿ ಪೇಜ್ ಶುರು ಮಾಡಿರ್ರಿ.